ಅನಸವ್ವನ ಕುಣಿ

ಬನಹಟ್ಟಿಯ ಹಳೇ ಪೇಟೆಯಲ್ಲಿ ಅನಸವ್ವನಿಗೆ ಸಿಟ್ಟು ಬಂದದ್ದು ಮೊದಲು ಮಗ್ಗದ ಸಪ್ಪಳದಲ್ಲಿ ಗೊತ್ತಾಗುತ್ತಿತ್ತು. ಲಾಳಿ ಹೊಡೆಯುವ ಹೊಡೆತವೇ ಬೇರೆಯಾಗುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಕೂತವರು "ಇವತ್ತ ಯಾರಿಗೋ ಕಾದೈತಿ" ಎಂದು ಎದ್ದು ಹೋಗುತ್ತಿದ್ದರು. ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುವ ಗಂಡ ಮಲಕಾಜಪ್ಪ ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ. ಅವನು ಜೀವಮಾನದಲ್ಲಿ ಕಲಿತ ಮಂತ್ರ ಒಂದೇ: "ಇರ್ಲಿ ಬಿಡಬೇ." ಅನಸವ್ವನಿಗೆ ಆಗಿಬರದ ಮಾತೂ ಅದೊಂದೇ.

ಆದರೆ ಪಕ್ಕದ ಮನೆಯ ಸಾವುಕಾರ ಪರಮಾನಂದನ ಮೇಲೆ ಬಂದ ಸಿಟ್ಟಿಗೆ ಸಪ್ಪಳವೇ ಇರಲಿಲ್ಲ. ಸಪ್ಪಳ ಮಾಡಲು ಮಗ್ಗವೇ ಇರಲಿಲ್ಲವಲ್ಲ! ಮಗ್ಗ ಬಿಚ್ಚಿ ಗೋಡೆಗೆ ಆನಿಸಿತ್ತು. ಅವನ ಕಾರು ಮೂರನೇ ಅಂತಸ್ತಿನ ಪಡಸಾಲೆಯಲ್ಲಿ ನಿಂತಿತ್ತು. ಹೌದು, ಕಾರೇ. ಪಡಸಾಲೆಯಲ್ಲಿ, ಸೋಫಾದ ಪಕ್ಕದಲ್ಲಿ. ದುಡಿಯುವ ಮನುಷ್ಯರಿಗೆ ಕಾಲು ಚಾಚಲು ಜಾಗ ಸಿಗದ ಊರಿನಲ್ಲಿ ಕಾರಿಗೆ ಪಡಸಾಲೆ! ಬಾಯಿ ಮೇಲೆ ಕೈ ಇಟ್ಟುಕೊಳ್ಳುವ ಮೊದಲು ಆದದ್ದನ್ನು ಮೊದಲಿನಿಂದ ಕೇಳಬೇಕು.

ಅನಸವ್ವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಕಾಲಿನಿಂದ ಹಲಗೆ ತುಳಿಯುತ್ತ ಕೈಯಿಂದ ಲಾಳಿ ಎಸೆಯಬೇಕು. ಕುಣಿ ಇಲ್ಲದಿದ್ದರೆ ಆ ಮಗ್ಗ ಬರೀ ಕಟ್ಟಿಗೆ. ಊರೆಲ್ಲ ಪಾವರ್‌ಲೂಮು ತುಂಬಿ ಹಗಲೂ ರಾತ್ರಿ ಖಡಖಡ ಎನ್ನುವಾಗಲೂ ಅವಳು ಕುಣಿ ಬಿಟ್ಟು ಏಳಲಿಲ್ಲ. ಮದುವೆಯಾಗಿ ಈ ಮನೆಗೆ ಬಂದ ದಿನ ಅತ್ತೆ ಅವಳನ್ನು ಒಲೆಯ ಮುಂದೆ ಕೂಡಿಸಿರಲಿಲ್ಲ, ಕುಣಿಯಲ್ಲಿ ಕೂಡಿಸಿದ್ದಳು. ಹೊಸ ಹಾಸು, ಅಂದರೆ ಮಗ್ಗದ ಉದ್ದ ಎಳೆಗಳನ್ನು, ಹೂಡುವಾಗ ಹಳೆಯ ಹಾಸಿನ ತುದಿಗೆ ಒಂದೊಂದೇ ಎಳೆ ಹೊಸೆದು ಕೆಚ್ಚುವುದು ಅವರ ಕೆಲಸದ ರೀತಿ. ಹಾಗಾಗಿ ಅತ್ತೆ ಬಿಟ್ಟುಹೋದ ನೂಲೇ ಇನ್ನೂ ಮುಂದುವರಿದಿದೆ ಎಂದು ಅನಸವ್ವ ತಿಳಿದಿದ್ದಳು. ಯಾರಾದರೂ ಚಪ್ಪಲಿ ಹಾಕಿಕೊಂಡು ಕುಣಿಯ ಹತ್ತಿರ ಬಂದರೆ ಮುಗಿಯಿತು, ಅವರ ಏಳು ತಲೆಮಾರಿನ ಜಾತಕ ಹೊರಗೆ ಬೀಳುತ್ತಿತ್ತು.

ಪಕ್ಕದ ಮನೆಯ ತಾರವ್ವನ ಮಗ ಪರಮಾನಂದ ಸಣ್ಣವನಿದ್ದಾಗ ಇದೇ ಕುಣಿಯ ಸುತ್ತ ಅಂಬೆಗಾಲಿಟ್ಟವನು. ಒಮ್ಮೆ ಒಳಗೆ ಬಿದ್ದು ಹಣೆ ಒಡೆದುಕೊಂಡಾಗ ಎತ್ತಿ ಅರಿಷಿಣ ಒತ್ತಿದವಳು ಅನಸವ್ವ. ತಾರವ್ವ ತೀರಿಕೊಂಡ ಮೇಲೆ ಅವನಿಗೆ ರೊಟ್ಟಿ ಹಾಕಿದವಳೂ ಅವಳೇ. ಅಂವ ಬಟ್ಟೆ ವ್ಯಾಪಾರಕ್ಕೆ ಇಳಿದ, ಕೈ ಹತ್ತಿತು, ಸಾವುಕಾರನಾದ. ಆಗಲಿ, ಯಾರು ಬೇಡವೆಂದರು? ಕಷ್ಟಪಟ್ಟು ಬೆಳೆದವನು.

ಒಂದು ದಿನ ಮುಂಬೈಯಿಂದ ಬಂದವನು ನೇರ ಅನಸವ್ವನ ಮನೆಗೇ ಬಂದ. ಕಣ್ಣಲ್ಲಿ ಒಂದು ನಮೂನೆ ಹೊಳಪು.

"ಕಾಕೂ, ಏನ್ ನೋಡಿ ಬಂದೆ ಗೊತ್ತೇನು? ಅಲ್ಲಿ ಮಂದಿ ಕಾರು ಕೆಳಗ ನಿಲ್ಲಸೂದ ಇಲ್ಲ. ಲಿಫ್ಟಿನ್ಯಾಗ ಹಾಕಿ ಮ್ಯಾಲ ಒಯ್ದು ಮನ್ಯಾಗ ನಿಲ್ಲಸ್ತಾರ. ಸೋಫಾದ ಮ್ಯಾಲ ಕುಂತು ಚಾ ಕುಡಕೋತ ತಮ್ಮ ಕಾರು ನೋಡ್ತಾರ!"

"ಎದಕ್ಕ ನೋಡ್ತಾರ?" ಎಂದು ಅನಸವ್ವ ಕೇಳಿದಳು. "ಕಾರು ಏನ್ ಕೂಸಾ, ಕಣ್ಣ ಮುಂದ ಇಟಗೊಂಡು ಕುಂದರಾಕ?"

ಅವನು ನಕ್ಕ. ತನ್ನ ಜಾಗ ಸಣ್ಣದು, ಕಾಕಾನ ಜಾಗವೂ ಸೇರಿದರೆ ದೊಡ್ಡ ಅಪಾರ್ಟ್‌ಮೆಂಟು ಏಳುತ್ತದೆ, ಎರಡನೇ ಅಂತಸ್ತಿನಲ್ಲಿ ಇವರಿಗೆ ಛಲೋ ಮನೆ ಕೊಡುತ್ತೇನೆ ಎಂದ. ಮಲಕಾಜಪ್ಪ "ಹೂಂ" ಎಂದುಬಿಟ್ಟ. ಅವನ ಮಂಡಿ ನೋಯುತ್ತಿದ್ದವು, ಮನೆ ಸೋರುತ್ತಿತ್ತು. ಅನಸವ್ವ ಮಾತ್ರ ಲಾಳಿ ಹಿಡಿದೇ ಕೇಳಿದಳು:

"ನನ್ನ ಮಗ್ಗ?"

"ಅಯ್ಯ ಕಾಕು, ಅದ ಅಲ್ಲೇನು ಮಜಾ! ಗಾಡಿ ಎಲ್ಲಾ ಮ್ಯಾಲ ಹೋಗತಾವು. ಕೆಳಗಿನ ಜಾಗಾ ಮಗ್ಗಕ್ಕ. ನಿನ್ನ ಕುಣಿ ನಿನಗ. ನಮ್ಮವ್ವನ ಆಣಿ."

ಸತ್ತ ತಾಯಿಯ ಆಣೆ ಇಟ್ಟವನನ್ನು ನಂಬದಿದ್ದರೆ ಇನ್ನಾರನ್ನು ನಂಬುವುದು? ಅನಸವ್ವ ನಂಬಿದಳು. ಮಗ್ಗ ಬಿಚ್ಚಿದಳು. ಹಾಸನ್ನು ಮಾತ್ರ ಕತ್ತರಿಸಲು ಬಿಡಲಿಲ್ಲ. ಇದ್ದಹಾಗೆ ಸುತ್ತಿ, ತನ್ನ ಮದುವೆಯ ಸೀರೆಯಲ್ಲಿ ಕಟ್ಟಿ, ರಬಕವಿಯ ಬಾಡಿಗೆ ಮನೆಗೆ ಹೋಗುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಟಂಟಂ ರಿಕ್ಷಾದಲ್ಲಿ ಕೂತಳು. ಆ ಬಾಡಿಗೆ ಮನೆಗೆ ಫರ್ಸಿಕಲ್ಲಿನ ನೆಲ. ಕುಣಿ ತೋಡುವ ಮಾತೆತ್ತಿದರೆ ಮಾಲೀಕ ಹೌಹಾರಿದ. ಕೆಲಸವಿಲ್ಲದ ಕಾಲುಗಳು ಕೂತಲ್ಲೇ ತುಳಿಯುತ್ತಿದ್ದವು. ದೂರದ ಊರಲ್ಲಿ ನೌಕರಿಗಿದ್ದ ಮಗ ಸುಭಾಷನ ಹೆಂಡತಿ ಶೀತಲ್ ಅದನ್ನು ನೋಡಿ, "ಅತ್ತೀ, ಕಾಲು ನೋಯಾಕತ್ತಾವೇನ್ರಿ?" ಎಂದರೆ, "ನೋಯೂದ ಬ್ಯಾರೆ, ಬ್ಯಾಸರ ಬ್ಯಾರೆ" ಎನ್ನುತ್ತಿದ್ದಳು.

ಕಟ್ಟಡ ಏಳುತ್ತಿತ್ತು. ಒಂದು ಮಂಗಳವಾರ ಅನಸವ್ವ ನೋಡಲು ಹೋದಳು. ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಕೆಳಗೆ, ಅವಳ ಹಳೆಯ ಮಗ್ಗ ಇದ್ದ ಹತ್ತಿರ ಹತ್ತಿರ ಅದೇ ಜಾಗದಲ್ಲಿ, ಒಂದು ಕುಣಿ! ಚೌಕಾಗಿ ತೋಡಿ, ಒಳಗೆಲ್ಲ ಸಿಮೆಂಟು ಮೆತ್ತಿ ನುಣುಪು ಮಾಡಿದ್ದರು. ಅಳತೆಯೇನೋ ತುಸು ಅತಿಯಾಗಿತ್ತು.

"ಇಷ್ಟ್ಯಾಕ ದೊಡ್ಡದು?" ಎಂದು ಮಲಕಾಜಪ್ಪ ತಲೆ ಕೆರೆದುಕೊಂಡ.

"ಎರಡು ಮಗ್ಗ ಕುಂದರ್ಲಿ ಅಂತ ತೋಡಿಸ್ಯಾನ್ರಿ. ಶೀತಲ್‌ಗೂ ಒಂದು. ಅವನ ಮನಸು ದೊಡ್ಡದು" ಎಂದಳು ಅನಸವ್ವ. ಅವಳ ಕಣ್ಣಲ್ಲಿ ನೀರು ಬಂದಿತ್ತು.

ನೇಕಾರರ ಹೆಣ್ಣುಮಗಳು. ಹುಟ್ಟಿದಾಗಿನಿಂದ ಮನೆಯೊಳಗೆ ಕುಣಿ ಅಂದರೆ ಮಗ್ಗದ್ದೇ ಎಂದು ನೋಡಿ ಬೆಳೆದವಳು. ಬೇರೆ ಯಾವುದಕ್ಕೆ ಕುಣಿ ತೋಡುತ್ತಾರೆ ಎಂಬ ವಿಚಾರ ಅವಳಿಗೆ ಹೇಗೆ ಬರಬೇಕು? ಮರುದಿನವೇ ಅರಿಷಿಣ, ಕುಂಕುಮ, ಕಾಯಿ, ಹೂವು, ಉಡಿ ತುಂಬಲು ಅಕ್ಕಿ ತಗೊಂಡು ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಅಲ್ಲಿದ್ದ ಏಣಿಯಿಂದ ಕುಣಿಯಲ್ಲಿ ಇಳಿದು, ನಾಲ್ಕೂ ಗೋಡೆಗೆ ಅರಿಷಿಣ ಹಚ್ಚಿ, ಕುಂಕುಮದ ಬೊಟ್ಟು ಇಟ್ಟು, ದೀಪ ಬೆಳಗಿದಳು. ಲಿಫ್ಟಿನ ಕೆಲಸಕ್ಕೆ ಪುಣೆಯಿಂದ ಬಂದಿದ್ದ ಮಿಸ್ತ್ರಿ ಬಾಯಿ ತೆರೆದು ಏನೋ ಹೇಳಲು ಹೋದ. ಪರಮಾನಂದ ಅವನಿಗೆ ಕಣ್ಸನ್ನೆ ಮಾಡಿದ.

ಇಲ್ಲಿಯೇ ಮೈ ಉರಿಯುವುದು. ಆ ಪುಣ್ಯಾತ್ಮ ಅಲ್ಲಿಯೇ ಇದ್ದ. ಕೈ ಮುಗಿದು ನಿಂತಿದ್ದ. ಒಂದು ಮಾತು, "ಕಾಕು, ಇದು ನಿಂದಲ್ಲ" ಅನ್ನುವ ಒಂದೇ ಮಾತು ಅವನ ಬಾಯಿಂದ ಬರಲಿಲ್ಲ. ಅನಸವ್ವ ಕಾಯಿ ಒಡೆದಳು. ಅವನು ಅವಳ ಕೈಯಿಂದಲೇ ಕೊಬ್ಬರಿ ಚೂರು ಇಸಕೊಂಡು ತಿಂದ. ಹಿರಿಯ ಮುತ್ತೈದೆಯ ಕೈಯಿಂದ ತನ್ನ ಲಿಫ್ಟಿಗೆ ಪುಗಸಟ್ಟೆ ಪೂಜೆ ಆಯಿತಲ್ಲ ಎಂದು ಒಳಗೇ ಖುಷಿಪಟ್ಟಿರಬೇಕು. ನಾಚಿಕೆ ಅನ್ನುವುದು ಒಂದಿಷ್ಟಾದರೂ ಬೇಡವೆ ಮನುಷ್ಯನಿಗೆ?

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹೊತ್ತಿಗೆ ಕಟ್ಟಡ ಮುಗಿಯಿತು. ಅನಸವ್ವನ ಸಂಸಾರ ಎರಡನೇ ಅಂತಸ್ತಿಗೆ ಬಂತು. ಪೂಜೆಯ ದಿನ ಬೆಳಗ್ಗೆ ಅವಳು ಬಿಚ್ಚಿಟ್ಟ ಮಗ್ಗದ ಕಟ್ಟಿಗೆಗೆ ಹೂ ಏರಿಸಿ, "ನಾಳಿ ಬನ್ನಿ ಹಬ್ಬ. ಛಲೋ ದಿನ. ನಾಳೀನ ಕುಣಿಗೆ ಇಳಿಸಿಬಿಡೂಣು" ಎಂದು ಗಂಡನಿಗೆ ಹೇಳುತ್ತಿರುವಾಗ ಕೆಳಗೆ ಬ್ಯಾಂಡು ಬಾರಿಸಿತು. ಇಳಿದು ಹೋಗಿ ನೋಡಿದರೆ ಓಣಿಗೆ ಓಣಿಯೇ ನೆರೆದಿತ್ತು. ಚೆಂಡು ಹೂವಿನ ಮಾಲೆ ಹಾಕಿದ ಪರಮಾನಂದನ ಬಿಳಿ ಕಾರು ಬಾಗಿಲ ಮುಂದೆ ನಿಂತಿತ್ತು. ಅವಳ ಕುಣಿಯ ಮೇಲೆ ಒಂದು ಕಬ್ಬಿಣದ ಚಪ್ಪಡಿ ಬಂದು ಕೂತಿತ್ತು. ಕಾರು ಅದರ ಮೇಲೆ ಏರಿತು. ಪರಮಾನಂದ ಗುಂಡಿ ಒತ್ತಿದ. ಕಾರು ಗುಂಯ್ ಎಂದು ಮೇಲೆ ಹೋಯಿತು, ಮಂದಿ ಚಪ್ಪಾಳೆ ತಟ್ಟಿದರು, ಕೆಳಗೆ ಕುಣಿ ಕಂಡಿತು. ಗೋಡೆಯ ಮೇಲೆ ಅನಸವ್ವ ಹಚ್ಚಿದ ಅರಿಷಿಣ ಹಾಗೇ ಇತ್ತು. ನಡುವೆ ಎರಡು ದಪ್ಪ ಸ್ಪ್ರಿಂಗು ಕೂತಿದ್ದವು.

ಅವಳಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮೆಟ್ಟಿಲು ಹತ್ತಿ ಮೂರನೇ ಅಂತಸ್ತಿಗೆ ಹೋದಳು.

ಪಡಸಾಲೆಯಲ್ಲಿ ಗಾಜಿನ ಗೋಡೆ. ಆ ಕಡೆ ಕಾರು, ಈ ಕಡೆ ಸೋಫಾ. ಕಾರಿನ ಮೇಲೆ ಬೆಳಕು ಬೀಳಲಿ ಎಂದು ಮೇಲಿನಿಂದ ಸಣ್ಣ ಸಣ್ಣ ದೀಪ. ಪರಮಾನಂದ ಎದ್ದು ಬಂದ.

"ಬಾ ಕಾಕು, ಕುಂದರ. ಚಾ ತಗೋ. ಹೆಂಗ ಕಾಣಸ್ತೈತಿ ಹೇಳು!"

"ನನ್ನ ಮಗ್ಗ ಎಲ್ಲಿ ಹೂಡಲೋ?"

ಅವನು ಚಹಾದ ಕಪ್ಪು ಅವಳ ಕಡೆ ಸರಿಸಿದ. "ಕಾಕು, ಕೆಳಗ ಸೀರಿ ಅಂಗಡಿ ಮಾಡಾಕತ್ತೇನಿ. ಗಿರಾಕಿ ಬರೂ ಜಾಗಾ..."

"ಹಂಗಾರ ನನ್ನ ಮನ್ಯಾಗ ಮ್ಯಾಲ ಹೂಡ್ತೇನಿ. ಕುಣಿ ಬದಲಿ ಎತ್ತರ ಕಟ್ಟಿ ಕಟ್ಟಿಸಿ ಕೊಡು."

"ಇಂಜಿನಿಯರು ಬ್ಯಾಡ ಅಂತಾನ. ಮಗ್ಗ ಭಾರ ಆಗತೈತಿ. ಸ್ಲ್ಯಾಬು ಬಿರುಕು ಬಿಡತೈತಿ. ಮತ್ತ ಸಪ್ಪಳ ಬ್ಯಾರೆ."

ಅನಸವ್ವ ಗಾಜಿನ ಆಚೆಗಿನ ಕಾರನ್ನು ನೋಡಿದಳು. ಅವನ ಮುಖ ನೋಡಿದಳು. ಮತ್ತೆ ಕಾರು ನೋಡಿದಳು.

"ಮಗ್ಗ ಭಾರ," ಎಂದಳು. "ಇದು ಹೂವಾ?"

ನಾಲ್ಕು ಗಾಲಿಯ ಕಬ್ಬಿಣ ಮೂರು ಅಂತಸ್ತು ಏರಿ ನಿಂತರೆ ಸ್ಲ್ಯಾಬಿಗೆ ಏನೂ ಆಗುವುದಿಲ್ಲ, ಒಬ್ಬ ಹೆಂಗಸು ಕೂತು ನೇಯುವ ನಾಲ್ಕು ಕಟ್ಟಿಗೆಗೆ ಸ್ಲ್ಯಾಬು ಬಿರಿಯುತ್ತದೆ! ಮಾತು ಮರೆಸಲು ಅವನು ಇನ್ನೊಂದು ತೆಗೆದ. ಅದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು.

"ಹಂಗೇನೂ ಬ್ಯಾಸರ ಮಾಡಕೋಬ್ಯಾಡ ಕಾಕು. ಅಂಗಡಿ ಮುಂದ ಗಾಜಿನ್ಯಾಗ ಒಂದು ಸಣ್ಣ ಮಗ್ಗ ಇಡತೇನಿ. ಬರೇ ತೋರಸಾಕ. ರವಿವಾರ ರವಿವಾರ ಬಂದು ಇಲಕಲ್ಲ ಸೀರಿ ಉಟಗೊಂಡು ಅದರ ಮುಂದ ಕುಂದರು. ಗಿರಾಕಿ ಫೋಟೋ ತಗೋತಾರ. ಖರೆ ನೇಯೂದೇನ ಬ್ಯಾಡ, ಸುಮ್ಮ ಕೈ ಆಡಿಸಿದ್ರ ಆತು."

ಚಹಾ ಮುಟ್ಟದೆ ಅನಸವ್ವ ಇಳಿದು ಬಂದಳು. ಆ ದಿನ ಅವಳು ಊಟ ಮಾಡಲಿಲ್ಲ. ಸುಮ್ಮನೆ ಕೈ ಆಡಿಸಬೇಕಂತೆ! ಅದೇ ಮಗ್ಗದಲ್ಲಿ ನೇಯ್ದು ಸಂಸಾರ ಹೊರೆದ ಕೈ. ಮಗ ಸುಭಾಷನಿಗೆ ಸಾಲಿ ಕಲಿಸಿದ್ದು, ಅತ್ತೆಯ ಕಡೆಗಾಲದಲ್ಲಿ ಔಷಧ ತಂದದ್ದು, ಇದೇ ಪರಮ್ಯಾನಿಗೆ ರೊಟ್ಟಿ ಹಾಕಿದ್ದು ಆ ಕೈ.

"ಇರ್ಲಿ ಬಿಡಬೇ," ಎಂದ ಮಲಕಾಜಪ್ಪ, ಅಭ್ಯಾಸದಂತೆ. "ದೊಡ್ಡ ಮಂದಿ. ನಾವೇನ್ ಮಾಡಾಕ ಆಗತೈತಿ?"

"ಏನ್ರಿ ಇರ್ಲಿ ಬಿಡೂದು? ಜಾಗಾ ಹೋತು, ಇರ್ಲಿ. ಮಗ್ಗ ಹೋತು, ಇರ್ಲಿ. ಅಂವ ನನ್ನ ಕೈಲೆ ಸುಳ್ಳ ಪೂಜಿ ಮಾಡಸ್ಯಾನಲ್ರಿ! ನಾನು ಆ ಕುಣ್ಯಾಗ ಇಳದು ಅರಿಷಿಣ ಹಚ್ಚಾಕತ್ತಿದ್ರ ಕೈ ಮುಗದು ನಿಂತಿದ್ದನಲ್ರಿ! ಅದನ್ನೂ ಇರ್ಲಿ ಬಿಡ್ಲ್ಯಾ?"

ಮಲಕಾಜಪ್ಪ ಗೋಡೆಗೆ ಆನಿಸಿದ ಮಗ್ಗದ ಕಟ್ಟಿಗೆಯ ಕಡೆ ನೋಡಿದ. ಆಮೇಲೆ, "ಅದನ್ನ ಬಿಡಬ್ಯಾಡ" ಎಂದ.

ಮರುದಿನ ಬನ್ನಿ ಹಬ್ಬ, ವಿಜಯದಶಮಿ. ಹೊಸ ಕೆಲಸ ಹಿಡಿಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಕಾರು ಮೇಲೆ ಪಡಸಾಲೆಯಲ್ಲಿತ್ತು, ಲಿಫ್ಟಿನ ಚಪ್ಪಡಿಯೂ ಅದರ ಜೊತೆ ಮೇಲೇ ಇತ್ತು. ಮಂದಿ ಬಂದು ನೋಡಲಿ ಎಂದು ಪರಮಾನಂದ ಕೆಳಗಿನ ಶಟರ್ ಏರಿಸಿಯೇ ಬಿಡಿಸಿದ್ದ. ಜಂಬದವರಿಗೆ ಬಾಗಿಲು ಹಾಕಲು ಮನಸ್ಸು ಬರುವುದಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಶೀತಲ್ ಮಗ್ಗದ ಚೌಕಟ್ಟು ಹೊತ್ತು ಮೆಟ್ಟಿಲಿಳಿದಳು. ಮಂಡಿ ನೋವಿನ ಮಲಕಾಜಪ್ಪ ಒಂದೊಂದೇ ಮೆಟ್ಟಿಲಿಗೆ ಉಸ್ಸೆನ್ನುತ್ತ ದೊಡ್ಡ ತೊಲೆಯನ್ನು ಹೆಗಲ ಮೇಲೆ ತಂದ. ಅನಸವ್ವ ಮದುವೆಯ ಸೀರೆಯಲ್ಲಿ ಕಟ್ಟಿದ್ದ ಹಾಸನ್ನು ಎದೆಗೆ ಅವಚಿಕೊಂಡು ಬಂದಳು.

ಬಾಗಿಲ ಕಾಯುವ ಪರಸಪ್ಪ ಎದ್ದು ನಿಂತ. ಅವನ ಹೆಂಡತಿಯೂ ಒಂದು ಕಾಲಕ್ಕೆ ಇಂಥದೇ ಕುಣಿಯಲ್ಲಿ ಕೂತವಳು.

"ಅಕ್ಕಾರ, ಸಾವುಕಾರ್ರು ನನ್ನ ಬೈತಾರ್ರಿ."

"ನಿನ್ನ ಯಾಕ ಬೈತಾರ? ನನ್ನ ಕುಣಿಗೆ ನಾ ಇಳ್ಯಾಕತ್ತೇನಿ."

ಪರಸಪ್ಪ ಒಂದು ಗಳಿಗೆ ಕುಣಿಯ ಗೋಡೆಯ ಅರಿಷಿಣ ನೋಡಿದ. ಆಮೇಲೆ ಹೋಗಿ ಲಿಫ್ಟಿನ ಮೇನ್ ಸ್ವಿಚ್ಚು ಬಂದ್ ಮಾಡಿ, ಆ ಪೆಟ್ಟಿಗೆಗೆ ಕೀಲಿ ಹಾಕಿ ಬಂದ. "ಮ್ಯಾಲಿಂದ ಯಾರರ ಗುಂಡಿ ಒತ್ತಿಗಿತ್ತಾರ್ರಿ, ಜೀವಕ್ಕ ಅಪಾಯ" ಎಂದು, ತೊಲೆಯ ಇನ್ನೊಂದು ತುದಿಗೆ ಕೈ ಕೊಟ್ಟ.

ಕುಣಿಯ ಒಂದು ಮೂಲೆಗೆ ಹಲಗೆ ಅಡ್ಡ ಹಾಕಿ ಮಗ್ಗ ಹೂಡಿದರು. ಸ್ಪ್ರಿಂಗುಗಳಿಂದ ಈಚೆ, ಇಬ್ಬರು ಕಾಲು ಇಳಿಬಿಟ್ಟು ಕೂರುವಷ್ಟು ಜಾಗವಿತ್ತು. ಹಾಸು ಬಿಚ್ಚಿದರು. ಹರಿದ ಎಳೆಗಳನ್ನು ಅನಸವ್ವ ತಾನೇ ಕೆಚ್ಚಿದಳು. ಚಪ್ಪಲಿ ದೂರ ಬಿಟ್ಟು, ಹಲಗೆಯ ಮೇಲೆ ಕೂತು, ಕಾಲು ಕೆಳಗೆ ಬಿಟ್ಟಳು. ಎಷ್ಟು ದಿನದ ಮೇಲೆ ಆ ಕಾಲಿಗೆ ತುಳಿಯಲು ಏನಾದರೂ ಸಿಕ್ಕಿತ್ತು! ಮೊದಲ ಲಾಳಿ ಹೊಡೆದಾಗ ಆ ಸಪ್ಪಳ ಖಾಲಿ ಲಿಫ್ಟಿನ ಗೋಡೆಗಳಲ್ಲಿ ಮೂರೂ ಅಂತಸ್ತು ಏರಿ ಹೋಯಿತು. ಓಣಿಯವರು ಹೊರಗೆ ಬಂದರು. ಇಷ್ಟು ದಿನ ಕೇಳದ ಸಪ್ಪಳ ಅದು, ಆದರೆ ಯಾರಿಗೂ ಗುರುತು ಸಿಗದೆ ಹೋಗಲಿಲ್ಲ.

ಪರಮಾನಂದ ಜಮಖಂಡಿಯಲ್ಲಿ ದೊಡ್ಡವರಿಗೆಲ್ಲ ಬನ್ನಿ ಕೊಡಲು ಹೊರಟಿದ್ದ. ರೇಶ್ಮೆ ಧೋತರ, ತಲೆಗೆ ಜರಿ ಪಟಗ, ಕೈಯಲ್ಲಿ ಬನ್ನಿ ಎಲೆಯ ಚೀಲ. ಕಾರಿನಲ್ಲಿ ಕೂತು ಆಳಿನ ಕೈಯಿಂದ ಗುಂಡಿ ಒತ್ತಿಸಿದ. ಲಿಫ್ಟು ಅಲುಗಲಿಲ್ಲ. ಮತ್ತೆ ಒತ್ತಿಸಿದ. ಗ್ಯಾಲರಿಗೆ ಬಂದು ಬಗ್ಗಿ ಕೂಗಿದ:

"ಪರಸ್ಯಾ! ಏನಾತಲೇ ಲಿಫ್ಟಿಗೆ?"

"ಕರೆಂಟ್ ಇಲ್ರಿ ಸಾವುಕಾರ್ರ!"

"ನನ್ನ ಮನ್ಯಾಗ ಫ್ಯಾನು ತಿರಗಾಕತ್ತೈತಲ್ಲೋ!"

"ಲಿಫ್ಟಿನ್ಯಾಗ ಅಷ್ಟ ಇಲ್ರಿ!"

ಓಣಿಯ ಮಂದಿ ಸೆರಗು, ಟವೆಲು ಬಾಯಿಗೆ ಒತ್ತಿಕೊಂಡು ನಕ್ಕರು. ಪರಮಾನಂದ ಧೋತರ ಎತ್ತಿಹಿಡಿದು ಮೆಟ್ಟಿಲಿಳಿದು ಬಂದ. ಕಾರನ್ನು ಮನೆಯೊಳಗೆ ಇಟ್ಟುಕೊಂಡವನು ನಡೆದು ಇಳಿಯುವುದನ್ನು ಊರು ನೋಡಿತು. ಬಂದು ಮಗ್ಗ ಕಂಡವನೇ ಕೆಂಪಗಾದ.

"ಕಾಕು, ಇದೇನು ಹುಚ್ಚಾಟ? ಇದು ಲಿಫ್ಟಿನ ಕುಣಿ!"

"ಹೌದೇನು? ನಾ ಕಾಯಿ ಒಡದಾಗ ಯಾಕ ಹೇಳಲಿಲ್ಲ?"

ಅವನು ಬನ್ನಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಕೊಬ್ಬರಿ ತಿಂದ್ಯಲ್ಲ, ಗಂಟಲದಾಗ ಇಳೀತೇನು? ನಿಮ್ಮವ್ವನ ಆಣಿ ಇಟ್ಟಿದ್ದಿ. ಆಕಿ ನನ್ನ ಗೆಳತಿ ಇದ್ದಳು. ನಾಳಿ ನಾ ಹೋದಾಗ ಆಕಿ ಕೇಳಿದ್ರ ಏನ್ ಹೇಳ್ಲಿ? ನಿನ್ನ ಮಗ ನಿನ್ನ ಆಣಿ ಒತ್ತೆ ಇಟ್ಟು ಗಾಡಿ ಮ್ಯಾಲ ಏರಿಸ್ಯಾನ ಅಂತ ಹೇಳ್ಲ್ಯಾ?"

ಯಾರೂ ನಗಲಿಲ್ಲ ಈಗ. ಪರಮಾನಂದ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹುಷಾರು ಮನುಷ್ಯ, ದನಿ ಇಳಿಸಿದ. ಚೀಲದಿಂದ ಬನ್ನಿ ಎಲೆ ತೆಗೆದು ಎರಡೂ ಕೈಯಲ್ಲಿ ಹಿಡಿದ.

"ಇವತ್ತ ಹಬ್ಬದ ದಿನ ಜಗಳ ಬ್ಯಾಡ ಕಾಕು. ಬನ್ನಿ ತಗೊಂಡು ಬಂಗಾರದಂಗ ಇರೂಣು."

ಅನಸವ್ವ ಬನ್ನಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಬನ್ನಿ ಬೇಡ ಎನ್ನುವವಳಲ್ಲ ಅವಳು. ಇನ್ನು ಸಣ್ಣವನಾದ ಅವನು ಹಿರಿಯಳ ಕಾಲು ಮುಟ್ಟಬೇಕು. ಬಗ್ಗಿದ. ಕಾಲು ಎಲ್ಲಿ? ಹಲಗೆಯ ಕೆಳಗೆ, ಕುಣಿಯ ಆಳದಲ್ಲಿ.

"ಕಾಲು ಮ್ಯಾಲ ತಗಿ ಕಾಕು."

"ನೇಯಾಕ ಕುಂತಾಗ ಕಾಲು ತಗ್ಯಾಂಗಿಲ್ಲ. ಬೇಕಂದ್ರ ನೀನ ಇಳಿ. ಚಪ್ಪಲಿ ಬಿಟ್ಟು ಇಳಿ."

ಬನ್ನಿ ಕೊಟ್ಟು ಕಾಲು ಮುಟ್ಟದೆ ಹೋದರೆ ನಾಳೆ ಈ ಪೇಟೆಯಲ್ಲಿ ಅವನಿಗೆ ಮುಖವಿರುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಚಪ್ಪಲಿ ಕಳೆದ. ರೇಶ್ಮೆ ಧೋತರ ಮಡಚಿ ಕಟ್ಟಿ ಕುಣಿಗೆ ಇಳಿದ. ಸ್ಪ್ರಿಂಗಿನ ಗ್ರೀಸು ಧೋತರಕ್ಕೆ ಮೆತ್ತಿತು, ಗೋಡೆಯ ಅರಿಷಿಣ ಹೆಗಲಿಗೆ ಹತ್ತಿತು. ಮಂಡಿಯೂರಿ, ಕತ್ತಲಲ್ಲಿ ತಡಕಿ, ಅನಸವ್ವನ ಕಾಲು ಹಿಡಿದ. ಆ ಕಾಲು ನಿಂತಿರಲಿಲ್ಲ, ಹಲಗೆ ತುಳಿಯುತ್ತಲೇ ಇತ್ತು.

"ಈಗ ಹೇಳು," ಎಂದಳು ಮೇಲಿನಿಂದ. "ಯಾರ ಕುಣಿ ಇದು?"

ಕೆಳಗಿನಿಂದ ಸಣ್ಣ ದನಿ ಬಂತು.

"ನಿಂದ, ಕಾಕು."

"ಮಂದಿಗೆ ಕೇಳಸಲಿಲ್ಲ."

"ನಿಂದ ಕುಣಿ! ಜಾಗಾನೂ ನಿಂದ!"

"ಹಂಗಾರ ಕಾರಿಗೆ ಬ್ಯಾರೆ ದಾರಿ ನೋಡು" ಎಂದಳು ಅನಸವ್ವ, ಮಗ್ಗದ ಪೂಜೆಗೆ ತಂದಿದ್ದ ನಾಲ್ಕು ಅಕ್ಕಿಕಾಳು ಅವನ ತಲೆಯ ಮೇಲೆ ಹಾಕುತ್ತ.

ಅವನು ಎದ್ದು ನಿಂತ. ಕುಣಿ ಆಳವಿತ್ತು, ಗೋಡೆ ನುಣುಪಾಗಿತ್ತು, ಅವನೇ ಮಾಡಿಸಿದ್ದು. ಹತ್ತಲು ಆಗದೆ ಕೈ ಮೇಲೆ ಚಾಚಿದ. ಸಣ್ಣವನಿದ್ದಾಗ ಹಾಗೆಯೇ ಚಾಚಿದ್ದ. ಅಂದು ಅನಸವ್ವ ಮಗ್ಗ ಬಿಟ್ಟು ಎದ್ದು ಅವನನ್ನು ಎತ್ತಿಕೊಂಡಿದ್ದಳು.

ಇಂದು ಅವಳ ಕೈಯಲ್ಲಿ ಲಾಳಿ ಇತ್ತು.

"ತಡಿಯೋ," ಎಂದಳು, "ಈ ಸೀರಿ ಮುಗೀಲಿ."